ಆಸ್ಪತ್ರೆಯಲ್ಲಿ ತಪ್ಪಾದ ಮೇಲೆ: ನಿಜ ಹೇಳಬೇಕಾದವರು ಯಾರು, ಹೊಣೆ ಹೊರಬೇಕಾದವರು ಯಾರು?

2017ರ ಡಿಸೆಂಬರ್ 26ರಂದು ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿರುವ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಮಿದುಳಿನ ರಕ್ತಸ್ರಾವದಿಂದ ಚೇತರಿಸಿಕೊಳ್ಳುತ್ತಿದ್ದ 75 ವರ್ಷದ ಮಹಿಳೆಯೊಬ್ಬರನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯಲಾಗಿತ್ತು. ಇಕ್ಕಟ್ಟಾದ ಯಂತ್ರದೊಳಗೆ ಮಲಗಲು ಅವರು ಹೆದರಿದ್ದರಿಂದ, ಮನಸ್ಸನ್ನು ಶಾಂತಗೊಳಿಸುವ ಮಿಡಜೋಲಾಮ್ ಎಂಬ ಔಷಧವನ್ನು ಕೊಡಲು ವೈದ್ಯರು ಸೂಚಿಸಿದರು. ಅದರ ಮಾರಾಟದ ಹೆಸರು ವರ್ಸೆಡ್. ರಡೋಂಡಾ ವಾಟ್ ಎಂಬ ನರ್ಸ್, ಕಂಪ್ಯೂಟರಿನಿಂದ ತೆರೆಯುವ ಔಷಧ ಕಪಾಟಿನಲ್ಲಿ ಆ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರಗಳಾದ VE ಒತ್ತಿ ಹುಡುಕಿದರು. ಔಷಧ ಸಿಗಲಿಲ್ಲ, ಏಕೆಂದರೆ ಕಪಾಟು ಅದನ್ನು ಮೂಲ ಹೆಸರಿನಲ್ಲಿ ಪಟ್ಟಿಮಾಡಿತ್ತು. ತುರ್ತು ಸಂದರ್ಭಕ್ಕೆಂದು ಇರುವ, ತಪಾಸಣೆಯನ್ನು ಬದಿಗೊತ್ತುವ ಗುಂಡಿಯನ್ನು ಒತ್ತಿ ಅವರು ಮತ್ತೆ ಅದೇ ಎರಡು ಅಕ್ಷರಗಳನ್ನು ಹಾಕಿದಾಗ ಮೊದಲು ಕಾಣಿಸಿದ್ದು ವೆಕುರೋನಿಯಮ್. ಇದು ದೇಹದ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧ. ಇದನ್ನು ಕೊಟ್ಟಾಗ ರೋಗಿ ತಾನಾಗಿ ಉಸಿರಾಡಲಾರ, ಆದ್ದರಿಂದ ಕೃತಕ ಉಸಿರಾಟದ ಸಿದ್ಧತೆ ಇದ್ದಾಗ ಮಾತ್ರ ಬಳಸುತ್ತಾರೆ. ಮಿಡಜೋಲಾಮ್ ದ್ರವರೂಪದಲ್ಲಿ ಬರುತ್ತದೆ, ವೆಕುರೋನಿಯಮ್ ಪುಡಿಯ ರೂಪದಲ್ಲಿ. ಅದರ ಮುಚ್ಚಳದ ಮೇಲೆ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧವೆಂಬ ಎಚ್ಚರಿಕೆಯೂ ಇತ್ತು. ನರ್ಸ್ ಪುಡಿಯನ್ನು ಕರಗಿಸಿ, ಚುಚ್ಚಿ, ಬೇರೆ ಕೆಲಸಕ್ಕೆ ಹೊರಟರು. ಸುಮಾರು ಅರ್ಧ ಗಂಟೆಯ ನಂತರ ರೋಗಿಯನ್ನು ನೋಡಿದಾಗ ಉಸಿರು ನಿಂತಿತ್ತು. ಮರುದಿನ ಅವರು ಮೃತಪಟ್ಟರು.

ಈ ಲೇಖನಕ್ಕೆ ಮುಖ್ಯವಾದುದು ಅನಂತರ ನಡೆದದ್ದು. ತಪ್ಪು ಗೊತ್ತಾದ ಕೂಡಲೇ ನರ್ಸ್ ಅದನ್ನು ಮೇಲಿನವರ ಮುಂದೆ ಒಪ್ಪಿಕೊಂಡರು. ಆಸ್ಪತ್ರೆ ಮಾತ್ರ ಸರ್ಕಾರಕ್ಕೆ ವರದಿ ಮಾಡಲಿಲ್ಲ, ಸಾವಿನ ಕಾರಣ ನಿರ್ಧರಿಸುವ ಅಧಿಕಾರಿಗೆ ಔಷಧದ ವಿಷಯ ಸರಿಯಾಗಿ ತಲುಪಲಿಲ್ಲ, ಸಾವು ಸಹಜವೆಂದು ದಾಖಲಾಯಿತು. ನರ್ಸನ್ನು ಕೆಲಸದಿಂದ ತೆಗೆಯಲಾಯಿತು. ಕುಟುಂಬದೊಂದಿಗೆ ನ್ಯಾಯಾಲಯದ ಹೊರಗೆ, ವಿಷಯ ಬಹಿರಂಗಪಡಿಸದ ಷರತ್ತಿನೊಂದಿಗೆ ರಾಜಿಯಾಯಿತು. 2018ರಲ್ಲಿ ಹೆಸರಿಲ್ಲದ ದೂರೊಂದು ಬಂದು ಕೇಂದ್ರದ ತಪಾಸಣಾಧಿಕಾರಿಗಳು ಆಸ್ಪತ್ರೆಗೆ ಬಂದ ಮೇಲಷ್ಟೇ ಸಂಗತಿ ಹೊರಬಿತ್ತು. 2022ರ ಮಾರ್ಚ್‌ನಲ್ಲಿ ಜ್ಯೂರಿ ನರ್ಸನ್ನು ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಅಪರಾಧಿಯೆಂದು ತೀರ್ಮಾನಿಸಿತು. ಜೈಲಿನ ಬದಲು ಮೂರು ವರ್ಷಗಳ ಪರಿವೀಕ್ಷಣೆಯ (ಪ್ರೊಬೇಷನ್) ಶಿಕ್ಷೆಯಾಯಿತು. ಆಸ್ಪತ್ರೆಯ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲೇ ಇಲ್ಲ.

ನಿಜ ಹೇಳಿದವರಿಗೆ ಶಿಕ್ಷೆಯಾಗಿ, ಮುಚ್ಚಿಟ್ಟವರು ಪಾರಾದರೆ ಮುಂದಿನ ಸಲ ತಪ್ಪಾದಾಗ ಯಾರು ಬಾಯಿಬಿಡುತ್ತಾರೆ? ಹಾಗೆಂದು, ಮುಚ್ಚಳದ ಮೇಲಿನ ಎಚ್ಚರಿಕೆಯನ್ನೂ ಓದದ ನರ್ಸ್‌ಗೆ ಯಾವ ಹೊಣೆಯೂ ಇಲ್ಲವೆನ್ನಲು ಸಾಧ್ಯವೆ? ವೈದ್ಯಕೀಯ ತಪ್ಪುಗಳ ಚರ್ಚೆಯೆಲ್ಲ ಈ ಎರಡು ಪ್ರಶ್ನೆಗಳ ನಡುವೆ ನಡೆಯುತ್ತದೆ. ಕರ್ನಾಟಕದಲ್ಲಿ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಡ್ರಿಪ್ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದಾಗಲೂ ಜನ ಕೇಳಿದ್ದು ಇದನ್ನೇ: ನಿಜವಾಗಿ ಆದದ್ದೇನು, ಯಾರು ಹೊಣೆ, ಅದನ್ನು ಮನೆಯವರಿಗೆ ಯಾರು ಹೇಳಬೇಕು?

ತೊಡಕು, ತಪ್ಪು, ನಿರ್ಲಕ್ಷ್ಯ

ಚಿಕಿತ್ಸೆಯ ನಂತರ ರೋಗಿಗೆ ಕೆಡುಕಾಯಿತೆಂದ ಮಾತ್ರಕ್ಕೆ ಯಾರೋ ತಪ್ಪು ಮಾಡಿದ್ದಾರೆಂದು ಅರ್ಥವಲ್ಲ. ಸಕ್ಕರೆ ಕಾಯಿಲೆಯಿರುವವರ ಶಸ್ತ್ರಚಿಕಿತ್ಸೆಯ ಗಾಯಕ್ಕೆ, ಎಲ್ಲ ಎಚ್ಚರಿಕೆ ವಹಿಸಿದ ಮೇಲೂ, ಸೋಂಕು ತಗಲಬಹುದು. ಇದು ತೊಡಕು. ವೈದ್ಯರು ಮೊದಲೇ ಊಹಿಸಬಲ್ಲ, ರೋಗಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕಾದ ಅಪಾಯ.

ಮಾಡಬೇಕೆಂದುಕೊಂಡದ್ದು ಆಗದೆ ಬೇರೆಯದಾದರೆ, ಅಥವಾ ಮಾಡಲು ಹೊರಟ ಯೋಜನೆಯೇ ಸರಿಯಿಲ್ಲದಿದ್ದರೆ ಅದು ತಪ್ಪು. ಒಂದು ಮಿಲಿಗ್ರಾಂ ಬದಲು ಹತ್ತು ಮಿಲಿಗ್ರಾಂ ಕೊಡುವುದು, ಬಲ ಮಂಡಿಯ ಬದಲು ಎಡ ಮಂಡಿಯನ್ನು ಕೊಯ್ಯುವುದು, ಬಂದ ರಿಪೋರ್ಟನ್ನು ಯಾರೂ ನೋಡದೆ ಕಡತಕ್ಕೆ ಸೇರಿಸುವುದು, ಇವೆಲ್ಲ ಈ ಸಾಲಿಗೆ ಸೇರುತ್ತವೆ. ಹತ್ತು ಮಿಲಿಗ್ರಾಂ ಸಿರಿಂಜಿಗೆ ಎಳೆದಾಗ ಪಕ್ಕದ ನರ್ಸ್ ಗಮನಿಸಿ ತಡೆದರೆ ರೋಗಿಗೆ ಏನೂ ಆಗುವುದಿಲ್ಲ, ಆದರೆ ತಪ್ಪು ಆಗಿಯೇ ಇದೆ. ಸುರಕ್ಷತೆಯನ್ನು ಅಧ್ಯಯನ ಮಾಡುವವರಿಗೆ ಇಂಥ ಕೂದಲೆಳೆಯಲ್ಲಿ ತಪ್ಪಿದ ಪ್ರಸಂಗಗಳು ಬಹಳ ಬೆಲೆಯುಳ್ಳವು. ದುಃಖವಿಲ್ಲದೆ ಪಾಠ ಸಿಗುವುದು ಇಲ್ಲಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಚಿಕಿತ್ಸೆ ಪಡೆಯುವ ಸುಮಾರು ಹತ್ತು ರೋಗಿಗಳಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿಯಾಗುತ್ತದೆ, ಅದರಲ್ಲಿ ಅರ್ಧದಷ್ಟನ್ನು ತಡೆಯಬಹುದು.

ನಿರ್ಲಕ್ಷ್ಯ ಎಂಬುದು ಕಾನೂನಿನ ಪರಿಭಾಷೆ. ಅದೇ ಕ್ಷೇತ್ರದ ಸಾಧಾರಣ ನುರಿತ ವೈದ್ಯ ಅಂಥ ಸಂದರ್ಭದಲ್ಲಿ ವಹಿಸುವಷ್ಟು ಎಚ್ಚರಿಕೆಯನ್ನು ಈ ವೈದ್ಯ ವಹಿಸಿದರೇ ಎಂಬುದು ಅದರ ಅಳತೆಗೋಲು. 1957ರಲ್ಲಿ ಇಂಗ್ಲೆಂಡಿನ ಬೋಲಂ ಪ್ರಕರಣದಲ್ಲಿ ರೂಪುಗೊಂಡ ಈ ಅಳತೆಗೋಲನ್ನು ಭಾರತದ ನ್ಯಾಯಾಲಯಗಳೂ ಬಳಸುತ್ತವೆ. ಆ ವೈದ್ಯ ದೇಶದ ಅತ್ಯುತ್ತಮ ತಜ್ಞನಾಗಿರಬೇಕೆಂದು ಕಾನೂನು ಕೇಳುವುದಿಲ್ಲ. ಹೀಗಾಗಿ ಎಲ್ಲ ನಿರ್ಲಕ್ಷ್ಯವೂ ತಪ್ಪೇ ಆದರೂ ಎಲ್ಲ ತಪ್ಪೂ ನಿರ್ಲಕ್ಷ್ಯವಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಯುವ ಜಗಳಗಳಲ್ಲಿ ಈ ಮೂರನ್ನೂ ಒಂದೇ ಎಂಬಂತೆ ಮಾತನಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಒಂದು ತಪ್ಪಿನ ಹಿಂದೆ ಎಷ್ಟು ತೂತುಗಳು

ಬ್ರಿಟನ್ನಿನ ಮನಃಶಾಸ್ತ್ರಜ್ಞ ಜೇಮ್ಸ್ ರೀಸನ್ ಅವಘಡಗಳನ್ನು ವಿವರಿಸಲು ತೂತುಗಳಿರುವ ಚೀಸ್ ಬಿಲ್ಲೆಗಳ ಚಿತ್ರವನ್ನು ಕೊಟ್ಟರು. ನಾವು ಅದನ್ನು ನೀರುದೋಸೆಯಲ್ಲಿ ಕಲ್ಪಿಸಿಕೊಳ್ಳಬಹುದು. ಒಂದು ನೀರುದೋಸೆಯ ತುಂಬ ತೂತುಗಳಿರುತ್ತವೆ, ಆದರೆ ನಾಲ್ಕೈದನ್ನು ಒಂದರ ಮೇಲೊಂದು ಇಟ್ಟರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಎಂದೋ ಒಮ್ಮೆ ಎಲ್ಲ ದೋಸೆಗಳ ತೂತುಗಳೂ ಒಂದೇ ನೇರಕ್ಕೆ ಬರುತ್ತವೆ. ಆಸ್ಪತ್ರೆಯಲ್ಲಿ ವೈದ್ಯರ ಚೀಟಿ, ಔಷಧ ವಿಭಾಗದ ಪರಿಶೀಲನೆ, ಕಪಾಟಿನ ಬೀಗ, ನರ್ಸ್‌ನ ಕಣ್ಣು, ಕೊಟ್ಟ ಮೇಲಿನ ನಿಗಾ, ಇವು ಒಂದೊಂದೂ ಒಂದೊಂದು ಪದರ.

ನ್ಯಾಶ್‌ವಿಲ್‌ನಲ್ಲಿ ಎಷ್ಟು ತೂತುಗಳಿದ್ದವು ನೋಡಿ. ಆಸ್ಪತ್ರೆ ಆಗಷ್ಟೇ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಬದಲಾಗಿದ್ದರಿಂದ ಕಪಾಟಿನ ತಪಾಸಣೆಯನ್ನು ಬದಿಗೊತ್ತುವುದು ಅಲ್ಲಿ ದಿನನಿತ್ಯದ ಅಭ್ಯಾಸವೇ ಆಗಿತ್ತು. ಸ್ಕ್ಯಾನಿಂಗ್ ವಿಭಾಗದಲ್ಲಿ ರೋಗಿಯ ಕೈಪಟ್ಟಿಯನ್ನೂ ಔಷಧವನ್ನೂ ತಾಳೆ ನೋಡುವ ಬಾರ್‌ಕೋಡ್ ಯಂತ್ರ ಇರಲಿಲ್ಲ. ಇಷ್ಟು ಅಪಾಯಕಾರಿ ಔಷಧ ಉಳಿದ ಔಷಧಗಳ ಜೊತೆಯಲ್ಲೇ ಅದೇ ಕಪಾಟಿನಿಂದ ಸಿಗುವಂತಿತ್ತು. ಕೊನೆಯ ಪದರ ನರ್ಸ್ ಆಗಿದ್ದರು, ಅದೂ ತೂತಾಯಿತು. ಅವರೊಬ್ಬರನ್ನು ತೆಗೆದುಹಾಕಿದರೆ ಉಳಿದ ತೂತುಗಳು ಹಾಗೆಯೇ ಉಳಿಯುತ್ತವೆ, ಮುಂದಿನ ನರ್ಸ್‌ಗಾಗಿ ಕಾಯುತ್ತವೆ.

ಹಾಗಾದರೆ ಯಾರನ್ನೂ ದೂರುವಂತಿಲ್ಲವೆ? ವಿಮಾನಯಾನದಿಂದ ಆಸ್ಪತ್ರೆಗಳಿಗೆ ಬಂದ 'ನ್ಯಾಯಯುತ ಸಂಸ್ಕೃತಿ' ಎಂಬ ಪರಿಕಲ್ಪನೆ ಇದಕ್ಕೆ ಉತ್ತರ ಕೊಡಲು ಯತ್ನಿಸುತ್ತದೆ. ಯಾರಿಗಾದರೂ ಆಗಬಹುದಾದ ಕೈತಪ್ಪಿಗೆ ಸಾಂತ್ವನ ಮತ್ತು ವ್ಯವಸ್ಥೆಯ ದುರಸ್ತಿ. ಅಪಾಯವೆಂದು ಸರಿಯಾಗಿ ಅರಿಯದೆ ಅಡ್ಡದಾರಿ ಹಿಡಿದಿದ್ದರೆ ತಿದ್ದುವಿಕೆ ಮತ್ತು ತರಬೇತಿ. ಅಪಾಯ ಗೊತ್ತಿದ್ದೂ ಲೆಕ್ಕಿಸದೆ ನಡೆದುಕೊಂಡಿದ್ದರೆ ಶಿಕ್ಷೆ. ನಿಜವಾದ ಪ್ರಕರಣಗಳು ಈ ಗೆರೆಗಳ ಒಳಗೆ ಅಷ್ಟು ಸಲೀಸಾಗಿ ಕೂರುವುದಿಲ್ಲ ಎಂಬುದು ಬೇರೆ ಮಾತು. ಆದರೆ ಒಂದು ಅನುಕೂಲವಿದೆ: ರೋಗಿಗೆ ಎಷ್ಟು ಹಾನಿಯಾಯಿತು ಎಂಬುದರ ಬದಲು ಸಿಬ್ಬಂದಿ ಹೇಗೆ ನಡೆದುಕೊಂಡರು ಎಂಬುದರ ಮೇಲೆ ಅದು ತೀರ್ಪು ಕೊಡುತ್ತದೆ.

ಮನೆಯವರಿಗೆ ಏನನ್ನು ಹೇಳಬೇಕು

ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಐಸಿಯು ಬಾಗಿಲು ಅರ್ಧ ತೆರೆಯುತ್ತದೆ, ಡ್ಯೂಟಿಯಲ್ಲಿರುವ ಕಿರಿಯ ವೈದ್ಯರು ಹೊರಗೆ ಬಂದು 'ಕೇಸ್ ಮೊದಲೇ ಸೀರಿಯಸ್ ಆಗಿತ್ತು, ನಮ್ಮ ಕೈಲಾದಷ್ಟು ಪ್ರಯತ್ನಪಟ್ಟೆವು' ಎಂದು ಹೇಳಿ ಒಳಗೆ ಹೋಗುತ್ತಾರೆ. ಶಸ್ತ್ರಚಿಕಿತ್ಸೆ ಮಾಡಿದ ಹಿರಿಯರು ಸಿಗುವುದಿಲ್ಲ. ಬಿಲ್ ಕೌಂಟರ್ ಮಾತ್ರ ತೆರೆದಿರುತ್ತದೆ.

ಪ್ರಾಮಾಣಿಕವಾಗಿ ತಿಳಿಸುವುದಕ್ಕೆ ಈಗ ಹಲವು ದೇಶಗಳಲ್ಲಿ ಒಪ್ಪಿತ ಕ್ರಮವಿದೆ. ಚಿಕಿತ್ಸೆಯ ಹೊಣೆ ಹೊತ್ತ ಹಿರಿಯ ವೈದ್ಯರೇ, ಆದಷ್ಟು ಬೇಗ, ಖಾಸಗಿ ಕೋಣೆಯಲ್ಲಿ ಕೂರಿಸಿ ಮಾತನಾಡಬೇಕು. ಅಲ್ಲಿಯವರೆಗೆ ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಹೇಳಬೇಕು, ಊಹೆಯನ್ನು ಸತ್ಯವೆಂಬಂತೆ ಹೇಳಬಾರದು, ಬೇರೆ ಸಿಬ್ಬಂದಿಯ ಮೇಲೆ ಗೂಬೆ ಕೂರಿಸಬಾರದು. ರೋಗಿ ಬದುಕಿದ್ದರೆ ಈಗ ಏನು ಚಿಕಿತ್ಸೆ ನಡೆಯುತ್ತಿದೆ, ಅದರ ಖರ್ಚು ಯಾರದು ಎಂಬುದನ್ನು ಸ್ಪಷ್ಟಪಡಿಸಬೇಕು. ತನಿಖೆ ನಡೆಸಿ ಅದರ ಫಲಿತಾಂಶವನ್ನು ಮತ್ತೆ ಕರೆದು ತಿಳಿಸುವುದಾಗಿ ಹೇಳಬೇಕು, ಹೇಳಿದಂತೆ ಕರೆಯಬೇಕು. ಈ ಎರಡನೆಯ ಭೇಟಿಯೇ ಸಾಮಾನ್ಯವಾಗಿ ಕೈಬಿಟ್ಟುಹೋಗುವುದು. ಇನ್ನು ಕ್ಷಮೆಯ ವಿಷಯ: ತನಿಖೆಗೆ ಮೊದಲು 'ನಿಮಗೆ ಹೀಗಾದದ್ದಕ್ಕೆ ನಮಗೆ ದುಃಖವಿದೆ' ಎನ್ನಬಹುದು, ತಪ್ಪು ಖಚಿತವಾದ ಮೇಲೂ ಅಷ್ಟನ್ನೇ ಹೇಳಿ ಜಾರಿಕೊಂಡರೆ ಮನೆಯವರಿಗೆ ಅದು ಗೊತ್ತಾಗಿಯೇ ಆಗುತ್ತದೆ.

ವೈದ್ಯರು ಸುಮ್ಮನಾಗುವುದು ದುರುದ್ದೇಶದಿಂದಲೇ ಎಂದು ಭಾವಿಸಬೇಕಾಗಿಲ್ಲ. ಒಪ್ಪಿಕೊಂಡ ಮಾತೇ ನಾಳೆ ನ್ಯಾಯಾಲಯದಲ್ಲಿ ಸಾಕ್ಷಿಯಾದೀತೆಂಬ ಭಯವಿದೆ. ತಮ್ಮನ್ನು ಕೇಳದೆ ಹೊಣೆ ಒಪ್ಪಿಕೊಳ್ಳಬಾರದೆಂಬ ಷರತ್ತನ್ನು ವೈದ್ಯರ ವೃತ್ತಿ ವಿಮೆಯ ಪಾಲಿಸಿಗಳು ಸಾಮಾನ್ಯವಾಗಿ ಹಾಕುತ್ತವೆ. ಹಲ್ಲೆಯ ಭಯವಂತೂ ಕಲ್ಪನೆಯದಲ್ಲ; ಕರ್ನಾಟಕ 2009ರಲ್ಲೇ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಇದೆಲ್ಲದರ ಕೆಳಗೆ ನಾಚಿಕೆ ಮತ್ತು ಅಪರಾಧಿ ಭಾವವಿರುತ್ತದೆ. ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ದಲ್ಲಿ ತಪ್ಪು ಮಾಡಿದ ವೈದ್ಯರನ್ನು 'ಎರಡನೆಯ ಬಲಿಪಶು' ಎಂದು ಕರೆದರು. ಮೊದಲನೆಯ ಬಲಿಪಶುವಿನ ಕುಟುಂಬಗಳಲ್ಲಿ ಕೆಲವಕ್ಕೆ ಈ ಹೆಸರು ಹಿಡಿಸಿಲ್ಲ, ಅದಕ್ಕೆ ಕಾರಣವೂ ಇದೆ.

ಒಪ್ಪಿಕೊಂಡರೆ ಮೊಕದ್ದಮೆ ಹೆಚ್ಚುತ್ತದೆಯೆ?

ಜನ ವೈದ್ಯರ ಮೇಲೆ ಮೊಕದ್ದಮೆ ಹೂಡುವುದು ಏಕೆಂದು 1994ರಲ್ಲಿ ಬ್ರಿಟನ್ನಿನ ಸಂಶೋಧಕರು ಹಾಗೆ ಹೂಡಿದ್ದ 227 ರೋಗಿಗಳನ್ನೂ ಸಂಬಂಧಿಕರನ್ನೂ ಕೇಳಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಣದ ಪರಿಹಾರವೂ ಕಾರಣಗಳಲ್ಲಿ ಒಂದಾಗಿತ್ತು. ಅದರೊಂದಿಗೆ ಬಲವಾಗಿ ಕಂಡುಬಂದದ್ದು: ಬೇರೆಯವರಿಗೆ ಹೀಗಾಗಬಾರದು, ಏನಾಯಿತೆಂದು ಯಾರಾದರೂ ವಿವರಿಸಬೇಕು, ಯಾರಾದರೂ ಹೊಣೆ ಹೊರಬೇಕು ಎಂಬ ಬಯಕೆ. ಬಾಯಿಮಾತಿನಲ್ಲಿ ಸಿಗಬಹುದಾಗಿದ್ದ ಉತ್ತರಕ್ಕಾಗಿ ಅನೇಕರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ಈ ದಿಕ್ಕಿನಲ್ಲಿ ಹೊಸ ಪದ್ಧತಿಯನ್ನು ತಂದವು. ತಪ್ಪಾದರೆ ತಾವಾಗಿಯೇ ತಿಳಿಸಿ, ಕ್ಷಮೆ ಕೇಳಿ, ಪರಿಹಾರ ಕೊಡುವುದು. ಚಿಕಿತ್ಸೆ ಸರಿಯಾಗಿಯೇ ಇದ್ದರೆ ಅದನ್ನೂ ವಿವರಿಸಿ, ವೈದ್ಯರನ್ನು ಗಟ್ಟಿಯಾಗಿ ಸಮರ್ಥಿಸುವುದು. ವಕೀಲರಲ್ಲಿ ಹಲವರು ಇದರಿಂದ ಮೊಕದ್ದಮೆಗಳ ಪ್ರವಾಹ ಬರುತ್ತದೆಂದೇ ನಂಬಿದ್ದರು. 2010ರಲ್ಲಿ ಪ್ರಕಟವಾದ ಅಧ್ಯಯನದಂತೆ, ಪ್ರತಿ ಒಂದು ಲಕ್ಷ ರೋಗಿ ಭೇಟಿಗಳಿಗೆ ತಿಂಗಳಿಗೆ ಬರುತ್ತಿದ್ದ, ಪರಿಹಾರ ಕೋರುವ ಹೊಸ ಕ್ಲೇಮುಗಳು 7.03ರಿಂದ 4.52ಕ್ಕೆ, ಮೊಕದ್ದಮೆಗಳು 2.13ರಿಂದ 0.75ಕ್ಕೆ ಇಳಿದವು. ಅದೇ ಅವಧಿಯಲ್ಲಿ ಮಿಷಿಗನ್ ರಾಜ್ಯದಲ್ಲೆಲ್ಲ ಇಂಥ ಮೊಕದ್ದಮೆಗಳು ಕಡಿಮೆಯಾಗುತ್ತಿದ್ದವು, ಆದ್ದರಿಂದ ಇಳಿಕೆಯಷ್ಟೂ ಈ ಪದ್ಧತಿಯ ಫಲವೆನ್ನಲಾಗದು. ಆದರೆ ಏರಿಕೆಯಂತೂ ಆಗಲಿಲ್ಲ.

ಇಂಗ್ಲೆಂಡ್ ಇದನ್ನು ಆಸ್ಪತ್ರೆಗಳ ಇಷ್ಟಕ್ಕೆ ಬಿಡಲಿಲ್ಲ. ಸ್ಟಾಫರ್ಡ್ ಆಸ್ಪತ್ರೆಯಲ್ಲಿನ ಭೀಕರ ನಿರ್ಲಕ್ಷ್ಯದ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ನಡೆಸಿದ ವಿಚಾರಣೆಯ ವರದಿ 2013ರಲ್ಲಿ ಬಂದ ನಂತರ, ಗಂಭೀರ ಹಾನಿಯಾದರೆ ರೋಗಿಗೆ ತಿಳಿಸಿ, ಕ್ಷಮೆ ಕೇಳಿ, ಅದನ್ನು ಬರಹದಲ್ಲೂ ಕೊಡುವುದು 2014ರಿಂದ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ಕಾನೂನಿನ ಕರ್ತವ್ಯವಾಯಿತು. ಮರುವರ್ಷ ಖಾಸಗಿಯವರಿಗೂ ಅನ್ವಯವಾಯಿತು. ಕ್ಷಮೆ ಕೇಳಿದ್ದನ್ನೇ ನಿರ್ಲಕ್ಷ್ಯದ ಒಪ್ಪಿಗೆಯೆಂದು ತಿಳಿಯಬಾರದೆಂದು 2006ರ ಕಾಯಿದೆಯೊಂದು ಅಲ್ಲಿ ಆಗಲೇ ಹೇಳಿತ್ತು. ನ್ಯೂಜಿಲೆಂಡ್ 1974ರಿಂದಲೇ ಇನ್ನೊಂದು ದಾರಿ ಹಿಡಿದಿದೆ: ಯಾರ ತಪ್ಪೆಂದು ಸಾಬೀತುಪಡಿಸದೆಯೇ ಸರ್ಕಾರಿ ನಿಧಿಯಿಂದ ಪರಿಹಾರ, ಅದಕ್ಕೆ ಪ್ರತಿಯಾಗಿ ಪರಿಹಾರ ಕೋರಿ ಮೊಕದ್ದಮೆ ಹೂಡುವ ಹಕ್ಕಿಲ್ಲ.

ಭಾರತದ ಕಾನೂನಿನಲ್ಲಿ ಹೊಣೆ

ಭಾರತದಲ್ಲಿ ಮೂರು ದಾರಿಗಳಿವೆ, ಮೂರರ ಗುರಿಯೂ ಬೇರೆ ಬೇರೆ. ಇದನ್ನು ತಿಳಿಯದೆ ಪೊಲೀಸ್ ಠಾಣೆಗೆ ಹೋಗಿ ಪರಿಹಾರ ಕೇಳುವವರೂ ಗ್ರಾಹಕ ಆಯೋಗಕ್ಕೆ ಹೋಗಿ ವೈದ್ಯರ ಪರವಾನಗಿ ರದ್ದಾಗಲಿ ಎನ್ನುವವರೂ ಇದ್ದಾರೆ.

ಹಣದ ಪರಿಹಾರಕ್ಕೆ ಇರುವುದು ಗ್ರಾಹಕ ಆಯೋಗ. ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವ ಸೇವೆಯೆಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಇದರಿಂದ ಹೊರಗೆ. ಆದರೆ ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಕಡೆ, ಉಚಿತವಾಗಿ ಪಡೆದವರೂ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರನ್ನು ಎರಡು ವರ್ಷಗಳ ಒಳಗೆ ಸಲ್ಲಿಸಬೇಕು. ಕೇಳುವ ಪರಿಹಾರ ಎಷ್ಟೇ ಇರಲಿ, ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಆಯೋಗವೇ ಸಾಕು. ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ.

ವೈದ್ಯರ ನಡತೆಯ ಮೇಲೆ ಶಿಸ್ತುಕ್ರಮ ಬೇಕೆಂದರೆ ಕರ್ನಾಟಕದಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬೇಕು. ಅದು ಎಚ್ಚರಿಕೆ ಕೊಡಬಹುದು, ವೈದ್ಯರ ಹೆಸರನ್ನು ನೋಂದಣಿ ಪುಸ್ತಕದಿಂದ ನಿಗದಿತ ಅವಧಿಗೋ ಶಾಶ್ವತವಾಗಿಯೋ ತೆಗೆಯಬಹುದು. ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿಲ್ಲ. ಖಾಸಗಿ ಆಸ್ಪತ್ರೆಯ ಬಿಲ್ಲು, ಸೌಲಭ್ಯ, ರೋಗಿಗಳ ಹಕ್ಕುಗಳ ಉಲ್ಲಂಘನೆಯಂಥ ವಿಷಯಗಳಿಗೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಡಿಸಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವಿದೆ.

ಮೂರನೆಯದು ಕ್ರಿಮಿನಲ್ ಮೊಕದ್ದಮೆ. ಇಲ್ಲಿ ದಾರಿ ತೋರಿದ್ದು 2005ರ ಜೇಕಬ್ ಮ್ಯಾಥ್ಯೂ ತೀರ್ಪು. 1995ರಲ್ಲಿ ಲುಧಿಯಾನದ ಆಸ್ಪತ್ರೆಯೊಂದರಲ್ಲಿ ವೃದ್ಧ ರೋಗಿಗೆ ಉಸಿರಾಟದ ತೊಂದರೆಯಾದಾಗ ಜೋಡಿಸಿದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತು. ಮಗ ಪಕ್ಕದ ಕೋಣೆಗೆ ಓಡಿ ಇನ್ನೊಂದನ್ನು ತಂದರೂ ಅದನ್ನು ಕೂಡಲೇ ಜೋಡಿಸುವ ಏರ್ಪಾಡು ಇರಲಿಲ್ಲ. ಅಷ್ಟರಲ್ಲಿ ರೋಗಿಯ ಪ್ರಾಣ ಹೋಯಿತು. ಸಿಲಿಂಡರ್ ತುಂಬಿದೆಯೇ ಎಂದು ನೋಡಿಕೊಳ್ಳದ ಆಸ್ಪತ್ರೆಗೆ ಸಿವಿಲ್ ಹೊಣೆ ಇರಬಹುದು, ಆದರೆ ಆ ಕಾರಣಕ್ಕೆ ವೈದ್ಯರನ್ನು ಅಪರಾಧಿಯೆನ್ನಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಪರಾಧವಾಗಬೇಕಾದರೆ ನಿರ್ಲಕ್ಷ್ಯ ಬಹಳ ಘೋರವಾಗಿರಬೇಕು. ಸ್ವತಂತ್ರ ವೈದ್ಯರ, ಸಾಧ್ಯವಾದಷ್ಟೂ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆದೇ ಪೊಲೀಸರು ಮುಂದುವರಿಯಬೇಕು. ದೂರು ಬಂದಿತೆಂದು ಸುಮ್ಮನೆ ಬಂಧಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ. ನೋಂದಾಯಿತ ವೈದ್ಯರು ಚಿಕಿತ್ಸೆ ನೀಡುವಾಗ ಹಾಗಾದರೆ ಗರಿಷ್ಠ ಎರಡು ವರ್ಷ.

ಗಮನಿಸಿ, ಈ ಮೂರು ದಾರಿಗಳೂ ಹೊಣೆಯ ಬಗ್ಗೆ ಮಾತನಾಡುತ್ತವೆ, ನಿಜ ಹೇಳುವುದರ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ. ತಪ್ಪಾದರೆ ತಾವಾಗಿ ತಿಳಿಸಬೇಕೆಂದು ಆಸ್ಪತ್ರೆಗಳಿಗೆ ಇಂಗ್ಲೆಂಡಿನಂಥ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಕೇಳಿದ ಕ್ಷಮೆಯನ್ನು ಸಾಕ್ಷಿಯಾಗಿ ಬಳಸಬಾರದೆಂಬ ರಕ್ಷಣೆಯೂ ವೈದ್ಯರಿಗಿಲ್ಲ. ಬಾಣಂತಿಯರ ಸಾವುಗಳನ್ನು ಪರಿಶೀಲಿಸುವ ಸರ್ಕಾರಿ ವ್ಯವಸ್ಥೆ ಇದೆ, ಅದು ಯಾರನ್ನೂ ದೂರದೆ ಕಾರಣ ಹುಡುಕಬೇಕೆಂಬ ತತ್ವದ ಮೇಲೆಯೇ ನಿಂತಿದೆ. ಆದರೆ ಆ ಪರಿಶೀಲನೆ ಗೋಪ್ಯ. ಅಲ್ಲಿ ಕಂಡುಕೊಂಡದ್ದು ಕುಟುಂಬದ ಮನೆ ಬಾಗಿಲಿಗೆ ಬರುವುದಿಲ್ಲ.

ಕುಟುಂಬದ ಕೈಯಲ್ಲಿರುವುದು

ಹೀಗಿರುವಾಗ ಮನೆಯವರಿಗೆ ನಿಜ ತಿಳಿಯುವ ಮುಖ್ಯ ದಾರಿ ಚಿಕಿತ್ಸೆಯ ದಾಖಲೆಗಳು. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು; ರೋಗಿಯೋ ಅವರು ಅಧಿಕಾರ ಕೊಟ್ಟವರೋ ಕೇಳಿದರೆ 72 ಗಂಟೆಗಳ ಒಳಗೆ ಕೊಡಬೇಕು. ಕೊಡದಿರುವುದೇ ದುರ್ನಡತೆಯೆಂದು ಪರಿಷತ್ತಿನ ಮುಂದೆ ದೂರಬಹುದು. 2023ರಲ್ಲಿ ಬಂದ ಹೊಸ ನಿಯಮಗಳನ್ನು ಕೆಲವೇ ವಾರಗಳಲ್ಲಿ ತಡೆಹಿಡಿದು, ಈ ಹಳೆಯ ನಿಯಮಗಳನ್ನೇ ಮತ್ತೆ ಜಾರಿಗೆ ತರಲಾಯಿತು.

ಡಿಸ್ಚಾರ್ಜ್ ಸಮ್ಮರಿ ಇದಕ್ಕೆ ಸಾಲದು, ಅದು ಆಸ್ಪತ್ರೆ ಕೊನೆಯಲ್ಲಿ ಬರೆಯುವ ಸಾರಾಂಶ. ಕೇಸ್ ಶೀಟ್, ಯಾವ ಔಷಧವನ್ನು ಎಷ್ಟು ಗಂಟೆಗೆ ಯಾರು ಕೊಟ್ಟರೆಂಬ ಔಷಧ ಚಾರ್ಟ್, ನರ್ಸ್‌ಗಳು ಬರೆದ ಟಿಪ್ಪಣಿ, ಅರಿವಳಿಕೆಯ ದಾಖಲೆ, ಒಪ್ಪಿಗೆ ಪತ್ರ, ಲ್ಯಾಬ್ ಮತ್ತು ಸ್ಕ್ಯಾನಿಂಗ್ ರಿಪೋರ್ಟುಗಳು, ಇವುಗಳ ಪ್ರತಿಯನ್ನು ಹೆಸರು ಹಿಡಿದು ಬರಹದಲ್ಲಿ ಕೇಳಬೇಕು, ಅರ್ಜಿಯ ನಕಲಿನ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯಬೇಕು. ಸಾವಿನ ಕಾರಣದ ಬಗ್ಗೆ ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆಯನ್ನು ಅಂತ್ಯಕ್ರಿಯೆಗೆ ಮೊದಲೇ ಕೇಳಬೇಕು, ಆಮೇಲೆ ಅದಕ್ಕೆ ದಾರಿ ಬಹುತೇಕ ಮುಚ್ಚಿಹೋಗುತ್ತದೆ. ದಾಖಲೆ ಕೈಗೆ ಬಂದ ಮೇಲೆ ಆ ಆಸ್ಪತ್ರೆಗೆ ಸಂಬಂಧಪಡದ, ಅದೇ ವಿಭಾಗದ ವೈದ್ಯರೊಬ್ಬರಿಗೆ ತೋರಿಸಿದರೆ ಆದದ್ದು ತೊಡಕೋ ತಪ್ಪೋ ಎಂಬುದು ಎಷ್ಟೋ ಸಲ ಅಲ್ಲಿಯೇ ತಿಳಿಯುತ್ತದೆ. ಔಷಧದ ಮೇಲೆಯೇ ಅನುಮಾನವಿದ್ದರೆ ರೋಗಿ ಅಥವಾ ಮನೆಯವರೇ ಭಾರತ ಔಷಧ ನಿಗಾ ಕಾರ್ಯಕ್ರಮದ 1800-180-3024 ಉಚಿತ ಸಂಖ್ಯೆಗೆ ಕರೆ ಮಾಡಿ ವರದಿ ಮಾಡಬಹುದು. ಖಾಲಿ ಬಾಟಲಿಯನ್ನೋ ಸೀಸೆಯನ್ನೋ ಇಟ್ಟುಕೊಂಡಿದ್ದರೆ ಅದರ ಮೇಲಿನ ಬ್ಯಾಚ್ ಸಂಖ್ಯೆ ಆಗ ಬಹಳ ಉಪಯೋಗಕ್ಕೆ ಬರುತ್ತದೆ.